ಚಿಕ್ಕಮ್ಮನ ಓಲೆ ಹಾರಿಸಿದ ಮೌಸು

ದಡ್ಡತನ ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಮುಚ್ಚಿಟ್ಟರೂ ನಮ್ಮ ಚಿಕ್ಕಮ್ಮ ಬಿಡುವವರಲ್ಲ. ಹೋದ ವರ್ಷ ಅವರು ಮಂಚೇನಹಳ್ಳಿ ಬಸ್ ನಿಲ್ದಾಣದ ಹತ್ತಿರ ಊಟದ ಹೋಟೆಲ್ ತೆರೆದರು. ಚಿಂತಾಮಣಿಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುವ ನಾನು, "ಬ್ಯಾನರ್ ನಂಗೆ ಬಿಡು ಚಿಕ್ಕಮ್ಮ" ಎಂದು ಎದೆ ತಟ್ಟಿಕೊಂಡು, ಆಮೇಲೆ ಮರೆತೇಬಿಟ್ಟೆ. ಓಪನಿಂಗ್ ದಿನ ಬೆಳಿಗ್ಗೆ ಬರಿಗೈಯಲ್ಲಿ ಬಸ್ಸಿಳಿದೆ.

ಚಿಕ್ಕಮ್ಮ ಬೈಯುತ್ತಲೇ ನನ್ನನ್ನು ಅಲ್ಲಿನ ಫ್ಲೆಕ್ಸ್ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿ ನಡೆಸುವ ನಾಗವೇಣಿ ನನ್ನ ವಯಸ್ಸಿನವಳೇ. "ಹನ್ನೊಂದಕ್ಕೆ ಕರೆಂಟ್ ತೆಗೀತಾರೆ ಆಂಟಿ, ಸಾಯಂಕಾಲದವರೆಗೂ ಬರಲ್ಲ" ಎಂದಳು. ಆಗಲೇ ಹತ್ತು ದಾಟಿತ್ತು. ಹನ್ನೆರಡಕ್ಕೆ ಪೂಜೆ.

ಬ್ಯಾನರಿಗೆ ಹಾಕುವ ಫೋಟೊದಲ್ಲಿ ಚಿಕ್ಕಮ್ಮನ ಕೂದಲು, ಕಿವಿ, ಓಲೆಗಳ ಅಂಚಿನುದ್ದಕ್ಕೂ ಮೌಸಿನಿಂದ ಗೆರೆ ಎಳೆದು, ಹಿಂದಿನ ಗೋಡೆಯಿಂದ ಅವರನ್ನು ಬಿಡಿಸಬೇಕಿತ್ತು. ನಾಗವೇಣಿಯ ಕೈ ಮಲಗಿದ ಮಗುವಿನ ತಲೆ ಸವರುವಂತೆ ಸರಿಯುತ್ತಿತ್ತು. ನಾನು ಹಿಂದೆ ನಿಂತು ಭುಜ ಇಳಿಬಿಟ್ಟು, ತುದಿನಾಲಿಗೆ ಕಚ್ಚಿಕೊಂಡು, ಗಾಳಿಯಲ್ಲಿ ಕೈ ತೆವಳಿಸಿ ಅವಳನ್ನು ಅಣಕಿಸಿದೆ. ಚಿಕ್ಕಮ್ಮ ನಕ್ಕರು. ನಾಗವೇಣಿ ಎದ್ದೇಬಿಟ್ಟಳು.

"ಬಾಪ್ಪ, ನೀನೇ ಕೂತ್ಕೊ. ನಾನು ಮೆಷಿನ್ ರೆಡಿ ಮಾಡ್ಕೊತೀನಿ."

ಕೂತವನೇ ನಮ್ಮ ಅಂಗಡಿಯಲ್ಲಿ ಎಳೆಯುವ ಹಾಗೆ ಸರ್ರನೆ ಎಳೆದೆ. ಪರದೆಯ ಮೇಲಿನ ಬಾಣ ಓಲೆಯನ್ನು ಬಿಟ್ಟು ಗೋಡೆಯ ಕ್ಯಾಲೆಂಡರಿಗೆ ಹಾರಿತು. ಸರಿಮಾಡಿ ಮತ್ತೆ ಎಳೆದೆ. ಈ ಸಲ ಅರ್ಧ ಕಿವಿಯೇ ಹೋಯಿತು.

"ಏಯ್, ನನ್ನ ಓಲೆ ಎಲ್ಲೋ?"

ನಮ್ಮ ಅಂಗಡಿಯ ಮೌಸು ನಿಯತ್ತಿನದು. ಜೋರಾಗಿ ಎಳೆದರೂ ಮೆಲ್ಲಗೆ ಎಳೆದರೂ ಕೈ ಸರಿದಷ್ಟೇ ಬಾಣವೂ ಸರಿಯುತ್ತದೆ. ಇದು ಹಾಗಲ್ಲ. ಮೆಲ್ಲಗೆ ಎಳೆದರೆ ಇರುವೆ, ಸ್ವಲ್ಪ ರಭಸ ತೋರಿಸಿದರೆ ಮಿಡತೆ. ಸೆಟ್ಟಿಂಗ್ ಬದಲಿಸಲು ಹೋದೆ.

"ಮುಟ್ಬೇಡ! ಅದಕ್ಕೇ ನನ್ನ ಕೈ ಒಗ್ಗಿರೋದು" ಎಂದು ಮೆಷಿನ್ ಹತ್ತಿರದಿಂದಲೇ ಗದರಿದಳು ನಾಗವೇಣಿ.

ಗಡಿಯಾರ ಹತ್ತೂಮುಕ್ಕಾಲರ ಹತ್ತಿರ ಬಂದಿತ್ತು. ಚಿಕ್ಕಮ್ಮನ ನಗು ನಿಂತುಹೋಗಿತ್ತು. ಹೋಟೆಲಿಗೆ ಇನ್ನೂ ಬೋರ್ಡು ಕೂಡ ಬಂದಿರಲಿಲ್ಲ. ಹೆಸರು ಅಂತ ಕಾಣಿಸುವುದಾದರೆ ಈ ಬ್ಯಾನರಿನಲ್ಲೇ. ನನಗೆ ಗೊತ್ತಿರುವ ಇನ್ನೊಂದೇ ವಿದ್ಯೆ ಅಣಕ. ಭುಜ ಇಳಿಬಿಟ್ಟೆ, ನಾಲಿಗೆ ಕಚ್ಚಿಕೊಂಡೆ, ಕೈ ತೆವಳಿಸಿದೆ. ಈ ಸಲ ಯಾರೂ ನಗಲಿಲ್ಲ. ಬಾಣ ಮಾತ್ರ ಕಿವಿಯ ಅಂಚು ಹಿಡಿದು ಓಲೆಯನ್ನು ಸುತ್ತಿ, ತೆಪ್ಪಗೆ ನಡೆದುಕೊಂಡು ಬಂತು! ನಾಗವೇಣಿ ಕೂಡಲೇ ಪ್ರಿಂಟಿಗೆ ಕೊಟ್ಟಳು. ಬ್ಯಾನರಿನ ಕೊನೆಯ ಅಂಗುಲ ಮೆಷಿನ್ನಿಂದ ಹೊರಬಿತ್ತು, ತಲೆ ಮೇಲಿನ ಫ್ಯಾನ್ ನಿಂತಿತು.

ಇವತ್ತಿಗೂ ಬೇರೆ ಕಂಪ್ಯೂಟರಿನ ಮುಂದೆ ಕೂತರೆ, ಮೊದಲು ಮೌಸನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಎಳೆದು ಅದರ ಬುದ್ಧಿ ನೋಡಿಕೊಳ್ಳುತ್ತೇನೆ. ಆದರೆ ಅವತ್ತು ನೆಂಟರೆಲ್ಲ ಬ್ಯಾನರ್ ಹೊಗಳುತ್ತಿದ್ದಾಗ ನಾನು ಕಾಲರ್ ಎತ್ತಿ, "ಮೌಸು ಯಾವ್ದಾದ್ರೇನು ಚಿಕ್ಕಮ್ಮ, ಕಲಾವಿದನ ಕೈ ಇರ್ಬೇಕು" ಎಂದಿದ್ದೆ.

ಚಿಕ್ಕಮ್ಮ ತಿರುಗಿಯೂ ನೋಡಲಿಲ್ಲ.

"ಮುಖ ನಂದು, ಕೈ ಆ ಹುಡುಗೀದು. ನಿಂದೇನಿದ್ಯೋ ಅದ್ರಲ್ಲಿ? ಹೋಗಿ ಎಲೆ ಹಾಕಪ್ಪ, ಜನ ಕೂತವ್ರೆ."