ಚಿಲಕ ಹಾಕಿ ಮಾಡಿದ ಪ್ರಾರ್ಥನೆ

ಬಾಗಿಲು ಎರಡನೇ ಸಲ ಬಡಿದಾಗ ನನಗೆ ಸಿಟ್ಟೇ ಬಂತು. "ಪ್ರಾರ್ಥನಾ ನಡದದ, ಆಮ್ಯಾಲ ಬರ್ರಿ!" ಎಂದು ಒಳಗಿನಿಂದಲೇ ಕೂಗಿದೆ.

ಹುಮನಾಬಾದಿನ ನಮ್ಮ ಮನೆಯಲ್ಲಿ ಅಂದು ಭಾನುವಾರದ ಪ್ರಾರ್ಥನೆ. ಸೆರೆಯಲ್ಲಿದ್ದ ಪೇತ್ರನಿಗಾಗಿ ಮೊದಲ ಶಿಷ್ಯರು ಪ್ರಾರ್ಥಿಸುತ್ತಿರುವಾಗ, ಬಿಡುಗಡೆಯಾದ ಅವನೇ ಬಂದು ಕದ ತಟ್ಟುತ್ತಾನೆ, ಒಳಗಿನವರು ನಂಬುವುದಿಲ್ಲ. ಸತ್ಯವೇದದ ಆ ಭಾಗ ಓದಿ ಆಗಷ್ಟೇ ನಕ್ಕಿದ್ದೆವು. ಆಮೇಲೆ ಬಸವಕಲ್ಯಾಣದ ಆಸ್ಪತ್ರೆಯಲ್ಲಿದ್ದ, ಹಿಂದೆಮುಂದೆ ಯಾರೂ ಇಲ್ಲದ ನಮ್ಮ ಸಭೆಯ ಶಾಂತಮ್ಮನಿಗಾಗಿ ಮೊಣಕಾಲೂರಿ, "ದೇವರೇ, ನಾವೇನು ಮಾಡಬೇಕು ತೋರಿಸು" ಎಂದು ಬೇಡುತ್ತಿದ್ದೆವು.

ಆಮೆನ್ ಹೇಳಿ ಬಾಗಿಲು ತೆರೆದವಳು ಬೆಚ್ಚಿಬಿದ್ದೆ. ಬಿಸಿಲಲ್ಲಿ, ಮೆಟ್ಟಿಲ ಮೇಲೆ, ಔಷಧಿಯ ಚೀಲ ಹಿಡಿದು ಶಾಂತಮ್ಮನೇ ಕುಳಿತಿದ್ದರು.

"ದವಾಖಾನ್ಯಾಗಿಂದ ಬಿಟ್ರು, ಸೀದಾ ಇಲ್ಲಿಗೇ ಬಂದೆ. ಒಳಗ ನನ್ನ ಹೆಸರು ಕೇಳಸ್ತು. ನನ್ನ ಸಲುವಾಗೇ ಬೇಡಾಕತ್ತೀರಿ ಅಂತ ಸುಮ್ಮ ಕುಂತೆ ರೀ."

ಈಗ ಬಾಗಿಲು ತೆರೆದಿಟ್ಟೇ ಪ್ರಾರ್ಥಿಸುತ್ತೇನೆ. ಆದರೂ "ದಾರಿ ತೋರಿಸು" ಎನ್ನಲು ಬಾಯಿ ತೆರೆದಾಗಲೆಲ್ಲ ನನ್ನದೇ ಆ ಕೂಗು ಕಿವಿಗೆ ಬಡಿಯುತ್ತದೆ.