ಹಲ್ಲಿನಿಂದ ಕೇಳುವ ಮೇಸ್ತ್ರಿ

ನಮ್ಮ ದೋಣಿಕಟ್ಟೆಯ ಕೆಪ್ಪ ಮೇಸ್ತ್ರಿ ಮೋಟರಿನ ರೋಗವನ್ನು ಹಲ್ಲಿನಿಂದ ಕಂಡುಹಿಡಿಯುತ್ತಾನೆ. ಚಿಕ್ಕಂದಿನಲ್ಲಿ ಸೋರಿ ಸೋರಿ ಅವನ ಎರಡು ಕಿವಿಯೂ ಹೋದವು. ತಗಡಿನ ಶೆಡ್ಡಿನಲ್ಲಿ ನೀರು ತುಂಬಿದ ಡ್ರಮ್ಮಿಗೆ ಮೋಟರು ಸಿಕ್ಕಿಸಿ ಚಾಲೂ ಮಾಡುತ್ತಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಾರ್ಬುರೇಟರಿಗೆ ಒತ್ತಿ, ಮರದ ಹಿಡಿ ಕಚ್ಚಿಕೊಂಡು ಕಣ್ಣು ಮುಚ್ಚುತ್ತಾನೆ. ಸದ್ದು ಹಲ್ಲಿನಿಂದ ಬುರುಡೆಗೆ ಏರುತ್ತದಂತೆ. "ಜೆಟ್ ಕಟ್ಟಿದೆ" ಎಂದರೆ ಪೆಟ್ರೋಲು ಹಾಯುವ ಆ ಸಣ್ಣ ತೂತು ಕಟ್ಟಿದೆ, ಅಷ್ಟೇ.

ಅವನ ತಮ್ಮ ನನ್ನಂತೆ ದೋಣಿ ನಡೆಸುತ್ತಿದ್ದ. ಬಿಡುವಿದ್ದಾಗ ಆ ಸ್ಕ್ರೂಡ್ರೈವರಿನ ತುದಿಯನ್ನು ತನ್ನ ಗದ್ದಕ್ಕೆ ಒತ್ತಿಕೊಂಡು ಮಾತಾಡುತ್ತಿದ್ದ, ಇವನು ಹಿಡಿ ಕಚ್ಚಿ ನಗುತ್ತಿದ್ದ. ಕಿವಿ ಹೋದ ಮೇಲೆ ಇವನಿಗೆ ಕೇಳಿಸಿದ ಒಂದೇ ಮನುಷ್ಯದನಿ ಅದು. ಒಂದು ಮಧ್ಯಾಹ್ನ ತಮ್ಮನ ದೋಣಿ ನಡುಹೊಳೆಯಲ್ಲಿ ತಾನೇ ತಾನಾಗಿ ಸುತ್ತುತ್ತಿತ್ತು. ಮೋಟರು ಓಡುತ್ತಿತ್ತು, ಹಲಗೆಯ ಮೇಲೆ ಅವನ ನೀಲಿ ಉಣ್ಣೆ ಟೋಪಿ ಇತ್ತು, ಅವನಿರಲಿಲ್ಲ. ಹೆಣವೂ ಸಿಗಲಿಲ್ಲ. ಆ ಮೋಟರನ್ನು ಕೊಂಡವನು ನಾನು.

ಹದಿನೈದು ದಿನಕ್ಕೊಮ್ಮೆ, ಅವನು ಕಾಣೆಯಾದ ಅದೇ ಆಳದ ಜಾಗದಲ್ಲಿ ಮೋಟರು ಕೆಮ್ಮಿ ನಿಲ್ಲತೊಡಗಿತು. ಪೆಟ್ರೋಲು ಬದಲಿಸಿದೆ, ಪ್ಲಗ್ಗು ಉಜ್ಜಿದೆ, ಫಿಲ್ಟರ್ ತೊಳೆದೆ. ಕೊನೆಗೆ ಮೇಸ್ತ್ರಿಯೇ ಗತಿ. ಅವನು ಎರಡು ದಿನ ಇಟ್ಟುಕೊಂಡು ಸರಿಮಾಡಿ ಕೊಡುವನು, ಮತ್ತೆ ಅದೇ ಹಾಡು. ಮೂರನೆಯ ಸಲ ದೋಣಿಯಲ್ಲಿ ಎಂಟು ಜನರಿದ್ದರು. ದೋಣಿ ಸೆಳವಿಗೆ ಅಡ್ಡ ತಿರುಗಿದಾಗ ಒಬ್ಬ ತಾಯಿ ಮಗುವನ್ನು ತಲೆಯ ಮೇಲೆತ್ತಿ ಹಿಡಿದಳು. ಹೇಗೋ ದಡ ಮುಟ್ಟಿಸಿ, ಅಲ್ಲೇ ಕೂತು ಕಾರ್ಬುರೇಟರ್ ನಾನೇ ಬಿಚ್ಚಿದೆ. ಜೆಟ್ಟಿನ ತೂತಿನಲ್ಲಿ ನೀಲಿ ಉಣ್ಣೆಯ ಒಂದು ಎಳೆ. ಫಿಲ್ಟರ್ ದಾಟಿ ಅದು ಬರುವಂತಿಲ್ಲ. ಹಿಂದೆ ಬಿಚ್ಚಿದ ಮೇಸ್ತ್ರಿಯೇ ಇಟ್ಟಿರಬೇಕು. ಶೆಡ್ಡಿನ ಮೊಳೆಗೆ ನೇತುಹಾಕಿದ ಟೋಪಿ ಅಂಚು ಬಿಚ್ಚುತ್ತಾ ಬಂದಿದ್ದು ಆಗ ನೆನಪಾಯಿತು.

ಮೋಟರು ಹೊತ್ತುಕೊಂಡೇ ಹೋಗಿ ಕಿರುಚಿದೆ. ಮೇಸ್ತ್ರಿ ನನ್ನ ತುಟಿ ನೋಡಿ, "ಬಾಯಿ ಅಷ್ಟು ಅಗಲ ಮಾಡಿದ್ರೆ ಏನೂ ತಿಳಿಯಲ್ಲ. ಮೆಲ್ಲಗೆ ಬೈ" ಎಂದ.

"ಎಂಟು ಜನ ಸಾಯ್ತಿದ್ರು! ಈ ಕಾರ್ಬುರೇಟರ್ ಕಿತ್ತು ಹೊಳೆಗೆ ಎಸೀತೀನಿ. ಹೊಸದು ಹಾಕಿಸ್ತೀನಿ. ಇನ್ನು ನಿನ್ನ ಬಾಗಿಲು ತುಳಿಯಲ್ಲ!"

ಅವನು ಕಾರ್ಬುರೇಟರಿಗೆ ಕೈ ಅಡ್ಡ ಹಿಡಿದ. "ಎಸೀಬೇಡಪ್ಪಾ. ಅದರೊಳಗೆ ಅವನು ಮಾತಾಡ್ತಾನೆ. ನೀನು ಇಲ್ಲಿಗೆ ತರದಿದ್ರೆ ನಾನೆಲ್ಲಿ ಕೇಳಲಿ?"

"ತಲೆ ಕೆಟ್ಟಿದ್ಯಾ ನಿಂಗೆ?"

"ದನಿ ಅವನದೇ. ಮಾತು ಬಿಡಿಸಿ ತಿಳಿಯಲ್ಲ. ನಿಂಗೆ ಕಿವಿ ನೆಟ್ಟಗಿದೆಯಲ್ಲ, ಒಂದ್ಸಲ ಕಚ್ಚಿ ನೋಡು."

ಎಳೆ ತೆಗೆದು, ಕಾರ್ಬುರೇಟರ್ ಜೋಡಿಸಿ, ಮೋಟರನ್ನು ಡ್ರಮ್ಮಿಗೆ ಸಿಕ್ಕಿಸಿ ಚಾಲೂ ಮಾಡಿದ. ಈ ಹುಚ್ಚಾಟ ಮುಗಿಯಲಿ ಎಂದು ಸ್ಕ್ರೂಡ್ರೈವರ್ ಕಚ್ಚಿದೆ. ಹಲ್ಲು ಕೂತು ಕೂತು ಹಿಡಿಯಲ್ಲಿ ಕುಳಿ ಬಿದ್ದಿತ್ತು, ಪೆಟ್ರೋಲಿನ ಕಹಿ. ಬುರುಡೆಯ ತುಂಬ ಗುಡುಗು. ಆ ಗುಡುಗಿನ ಕೆಳಗೆ, ನೀರೊಳಗಿಂದ ಯಾರೋ ಉಸಿರು ಹಿಡಿದು ಕರೆದ ಹಾಗೆ, ಒಂದು ಕೂಗು. ನಿಂತಿತು. ಮತ್ತೆ ಅದೇ ಕೂಗು. ಹಿಡಿ ಉಗಿದೆ.

"ಏನಂತಾನೆ?"

"ಅಣ್ಣಾ... ಅಂತಾನೆ."

ಮೇಸ್ತ್ರಿ ನನ್ನ ತುಟಿಯನ್ನೇ ನೋಡಿದ. "ಇನ್ನೊಂದ್ಸಲ ಹೇಳು" ಎಂದ. ಹೇಳಿದೆ. ಮೋಟರು ಆರಿಸಿದ.

"ಅವನು ನನ್ನನ್ನ ಒಂದು ದಿನವೂ ಅಣ್ಣಾ ಅಂದವನಲ್ಲ. ಕೊನೇವರೆಗೂ 'ಲೋ ಕೆಪ್ಪಾ' ಅಂತಲೇ ಕರೀತಿದ್ದ. ಅಣ್ಣಾ ಅಂತಿದ್ದದ್ದು ನಿನ್ನನ್ನಲ್ವಾ?"

ಹೌದು. ಕಟ್ಟೆಯಲ್ಲಿ ನಾನೇ ಹಿರಿಯನೆಂದು ನನ್ನನ್ನೇ.

ಮೇಸ್ತ್ರಿ ಎದ್ದು ಮೊಳೆಯಿಂದ ಟೋಪಿ ತೆಗೆದು ನನ್ನ ಕೈಗಿಟ್ಟ. ಅಂದಿನಿಂದ ಆ ಮೋಟರಿಗೆ ಅವನು ಹಲ್ಲು ಕೊಟ್ಟಿಲ್ಲ.

ಕಾರ್ಬುರೇಟರನ್ನು ನಾನು ಎಸೆಯಲಿಲ್ಲ. ಅದು ಮತ್ತೆ ಕಟ್ಟಿಕೊಂಡೂ ಇಲ್ಲ. ಆದರೆ ಆ ಜಾಗ ಬಂದರೆ ಈಗ ನಾನೇ ವೇಗ ಇಳಿಸುತ್ತೇನೆ. ಯಾಕೆಂದು ಜನ ಕೇಳಿದರೆ, "ತಳ ತಾಗುತ್ತೆ ಸ್ವಾಮಿ" ಎನ್ನುತ್ತೇನೆ. ಅಲ್ಲಿ ಮೂರಾಳು ನೀರಿದೆ.