ಶಾಲು ಸಿಕ್ಕಿತು, ಸಿನಿಮಾ ಸಿಗಲಿಲ್ಲ

ಹಿಂದಿನ ಭಾನುವಾರ ಹಾಸನದ ಹಳೇ ಟಾಕೀಸಿನಲ್ಲಿ ನಮ್ಮವ್ವನಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು.

ಬುಟ್ಟಿ ಹಿಡಿದುಕೊಂಡೇ ಅವಳು ನನ್ನ ಕಡೆ ಬಗ್ಗಿ ಕೇಳಿದಳು. "ಪುಟ್ಟತಾಯಿ ಯಾವಾಗ ಬತ್ತಾಳೆ?"

ಪುಟ್ಟತಾಯಿ ಅವ್ವನ ತಂಗಿ, ನನ್ನ ಚಿಕ್ಕಮ್ಮ. ಹಳ್ಳಿಮೈಸೂರು ಸುತ್ತಮುತ್ತಲ ಮದುವೆಗಳಲ್ಲಿ ಇಬ್ಬರೂ ಜೋಡಿಯಾಗಿ ಸೋಬಾನೆ ಹಾಡುತ್ತಿದ್ದರು. ಮೈಸೂರಿನ ಒಬ್ಬ ಹುಡುಗಿ ಬಂದು ಇವರ ಮೇಲೆ ಸಾಕ್ಷ್ಯಚಿತ್ರ ಮಾಡಿದಳು.

ಶೂಟಿಂಗ್ ಮುಗಿದ ಸ್ವಲ್ಪ ದಿನಕ್ಕೆ ಚಿಕ್ಕಮ್ಮ ತೀರಿಕೊಂಡಳು.

ಸಕ್ಕರೆ ಕಾಯಿಲೆಯಿಂದ ಅವ್ವನ ಕಣ್ಣು ಹೋಗುತ್ತಿದೆ. ಫೋನಿನಲ್ಲಿ ಫೋಟೊ ತೋರಿಸಿದರೆ ಬರೀ ಬೆಳಕು ಅನ್ನುತ್ತಾಳೆ. ಟಾಕೀಸಿನ ಪರದೆಯ ಎದುರು ಮುಂದಿನ ಸಾಲಿನಲ್ಲಿ ಕೂತರೆ ಮಾತ್ರ ಮುಖ ಗೊತ್ತಾಗುತ್ತದೆ. ಅದೂ ಹೆಚ್ಚು ದಿನ ಇರಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ.

ನಾನು ಹೊಳೆನರಸೀಪುರದಲ್ಲಿ ಟೈಲರಿಂಗ್ ಮಾಡುವವಳು. ಭಾನುವಾರ ಬೆಳಿಗ್ಗೆ ಒಂದು ಚಿತ್ರಸಮಾಜದವರು ಆ ಟಾಕೀಸಿನಲ್ಲಿ ಹಳೇ ಚಿತ್ರ, ಸಾಕ್ಷ್ಯಚಿತ್ರ ಹಾಕುತ್ತಾರೆ. ಬಸ್ ಹತ್ತಿ ಹೋಗುವ ಖಾಯಂ ಗಿರಾಕಿ ನಾನು.

ಅಲ್ಲಿ ಯಾವುದೋ ದೇಶದ, ಮಾತೇ ಇಲ್ಲದ ಕಪ್ಪುಬಿಳುಪು ಚಿತ್ರಕ್ಕೂ ಜನ ಉಸಿರು ಬಿಗಿಹಿಡಿದು ಕೂರುತ್ತಾರೆ. ಕೆಮ್ಮಿದರೆ ತಿರುಗಿ ನೋಡುತ್ತಾರೆ.

ಆದರೆ ನಮ್ಮ ತಾಲ್ಲೂಕಿನ ಚಿತ್ರ ಅಂದ ಕೂಡಲೇ ಇವರಿಗೆ ವೇದಿಕೆ ಬೇಕಾಯಿತು. ದೀಪ ಬೇಕಾಯಿತು. ಮುಖ್ಯ ಅತಿಥಿ ಬೇಕಾದರು.

ಅತಿಥಿಗಳು ಜಾನಪದದ ಬಗ್ಗೆ ಎಲ್ಲ ಕಡೆ ಮಾತಾಡುವ ದೊಡ್ಡ ಮನುಷ್ಯರು. ಈ ಚಿತ್ರದಲ್ಲೂ ಒಂದಿಷ್ಟು ಮಾತಾಡಿದ್ದಾರೆ. ತಡವಾಗಿ ಬಂದರು... ಅವರು ಬರುವ ತನಕ ದೀಪ ಹಚ್ಚುವ ಹಾಗಿರಲಿಲ್ಲ.

ಸೋಬಾನೆ ಅಳಿದುಹೋಗುತ್ತಿದೆ ಅಂತ ಅವರು ಎಷ್ಟು ಹೊತ್ತು ಮಾತಾಡಿದರೆಂದರೆ, ಸೋಬಾನೆ ಕೇಳಲು ಹೊತ್ತೇ ಉಳಿಯಲಿಲ್ಲ.

ಕೊನೆಗೂ ಚಿತ್ರ ಶುರುವಾಯಿತು. ಅವ್ವ ಪೇಟ ತೆಗೆದು ತೊಡೆ ಮೇಲಿಟ್ಟುಕೊಂಡು, ಸೀಟಿನ ತುದಿಗೆ ಬಂದು ಕೂತಳು. ಊರ ಬಾವಿ ಕಂಡಿತು, ಚಪ್ಪರ ಕಂಡಿತು. ಅವಳ ಮುಖ ಅರಳಿತ್ತು.

ಅಷ್ಟರಲ್ಲಿ ಚಿತ್ರಸಮಾಜದ ಸಂಚಾಲಕರು ಎದ್ದು ಹಿಂದಕ್ಕೆ ಕೈ ಮಾಡಿದರು. ಹೊಸ ಸಿನಿಮಾದ ಶೋಗೆ ಗೇಟಿನಲ್ಲಿ ಜನ ನಿಂತಿದ್ದಾರೆ, ಅತಿಥಿಗಳೂ ಹೊರಡಬೇಕು, ಅವರ ಭಾಗಕ್ಕೆ ಓಡಿಸಿ ಅಂತ.

ಲ್ಯಾಪ್‌ಟಾಪಿನವನು ಓಡಿಸಿದ. ಪರದೆಯ ಮೇಲೆ ಎಲ್ಲ ದಡದಡ ಹೋಗುತ್ತಿದೆ. ಆ ಓಟದಲ್ಲೇ ಚಿಕ್ಕಮ್ಮ ಬಂದಳು, ಬಾಯಿ ತೆರೆದಳು, ಹೋದಳು.

ನಾನು ಕಂಡೆ. ಅವ್ವನಿಗೆ ಕಾಣಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಸಂಚಾಲಕರನ್ನು ಕೇಳಿದೆ. "ಸಾ, ನಮ್ಮವ್ವ ತಂಗಿನ ನೋಡಕ್ಕೆ ಬಂದವ್ಳೆ. ಅದೊಂದು ಆಡು ಆಕ್ಬುಡಿ ಸಾ."

"ಅಮ್ಮಂಗೆ ಸನ್ಮಾನ ಮಾಡಿದ್ವಲ್ಲಮ್ಮ, ಇನ್ನೇನ್ ಬೇಕು?"

ನಿಜವಾಗಲೂ ಅರ್ಥವಾಗದೇ ಕೇಳಿದರು. ಅದೇ ನನಗೆ ಇನ್ನೂ ಚುಚ್ಚುತ್ತಿದೆ.

ಪರದೆಯ ಮೇಲೆ ಅತಿಥಿಗಳು ಬಂದರು, ಮಾತಾಡಿದರು. ಕೆಳಗೆ ಕೂತಿದ್ದ ಅತಿಥಿಗಳು ತಲೆದೂಗಿದರು. ಚಪ್ಪಾಳೆ ಬಿತ್ತು, ಲೈಟು ಹತ್ತಿತು.

"ಅವ್ಳ್ನ ತಗ್ದಾಕ್ಬುಟ್ರಾ?" ಅಂದಳು ಅವ್ವ. ಇಲ್ಲ, ಟೈಮ್ ಆಯ್ತಂತೆ ಅಂದೆ.

ಮತ್ತೆ ಯಾವಾಗ ಹಾಕುತ್ತೀರಿ ಅಂತ ಮಾರನೆಯ ದಿನ ಸಂಚಾಲಕರಿಗೆ ಫೋನ್ ಮಾಡಿದೆ. ಒಂದು ಸಲ ತೋರಿಸಿದ್ದನ್ನು ಮತ್ತೆ ತೋರಿಸಲ್ಲವಂತೆ. ಸಮಾಜದ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಫೋಟೊ ಹಾಕಿದ್ದಾರೆ, ಪ್ರದರ್ಶನ ಯಶಸ್ವಿ ಅಂತ. ಅವ್ವನ ಪೇಟ ಚೆನ್ನಾಗಿ ಬಂದಿದೆ.

ಚಿತ್ರ ಮಾಡಿದ ಹುಡುಗಿಗೆ ವಿಷಯ ತಿಳಿಸಿದಾಗ ಪಾಪ, ಲಿಂಕ್ ಕಳಿಸಿದಳು. ಫೋನನ್ನು ಅವ್ವನ ಮುಂದೆ ಹಿಡಿದು ಹಾಡು ಹಾಕಿದೆ. ಕಣ್ಣು ಕಿರಿದು ಮಾಡಿ ನೋಡಿದಳು, ಹತ್ತಿರ ತಂದು ನೋಡಿದಳು. ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡಳು.

ಹಾಡು ಮುಗಿದ ಮೇಲೆ ಕೇಳಿದಳು. "ಯಾವ್ ಸೀರೆ ಉಟ್ಕಂಡವ್ಳೆ?"

"ಅಸ್ರುದು ಕಣವ್ವ. ಕೆಂಪಂಚು."

"ಅದು ನಂದು ಕಣೆ... ಶೂಟಿಂಗ್ ಐತೆ ಅಂತ ಇಸ್ಕಂಡೋಗಿದ್ಲು."

ಸಂಚಾಲಕರೇ, ಇದನ್ನು ನೀವೂ ಓದುತ್ತೀರಿ ಅಂತ ಗೊತ್ತು... ನಿಮ್ಮ ಶಾಲು ಇಲ್ಲೇ ಇದೆ, ವಾಪಸ್ ತೆಗೆದುಕೊಂಡು ಆ ಒಂದು ಹಾಡು ಪರದೆಯ ಮೇಲೆ ಹಾಕುತ್ತೀರಾ?